ಹೆಚ್ಚಿಗೆ ಒಂದು ಗಾಳ

ಯಾರೂ ಕರೆಯುವುದಿಲ್ಲ, ಯಾರೂ ಹಾಜರಿ ಹಾಕುವುದಿಲ್ಲ.
ಜೂನ್ ತಿಂಗಳ ಎರಡನೆಯ ಶನಿವಾರ
ಕೆಟಲ್ ಕೆರೆಯ ಜಲ್ಲಿದಂಡೆಗೆ
ಬೆಳಗಿನ ಆರಕ್ಕೆ ಬಂದವರು ಬಂದರು, ಅಷ್ಟೆ.
ನೋವಾ ಸ್ಕೋಷಿಯಾದ ನಕ್ಷೆಯಲ್ಲಿ
ಇದರ ಹೆಸರು ಬರೆಯಲೂ ಜಾಗವಿಲ್ಲ;
ಒಂದು ನೀಲಿ ಚುಕ್ಕೆ, ಪೆನ್ನು ಸೋರಿದ ಹಾಗೆ.

ಸಿರಿಲ್ ತಂದದ್ದು ಅವನಪ್ಪನ ಕೆಂಪು ಕೆನೂ,
ಈಗ ಬಣ್ಣಕ್ಕಿಂತ ಟೇಪೇ ಹೆಚ್ಚು.
ಆರ್ಡಿತ್ ತಂದದ್ದು ಓಟ್ಸ್ ಬಿಸ್ಕತ್ತು, ಎರಡು ಫ್ಲಾಸ್ಕು,
ಮತ್ತು ಕೇಳದಿದ್ದರೂ ಕೊಡುವಷ್ಟು ಸಲಹೆ.
ಇವೆಟ್ ತನ್ನ ಕಯಾಕಿನ ತೂತಿಗೆ ಬಿರಡೆ ಮರೆತು
ವೈನ್ ಬಾಟಲಿಯ ಬೂಚನ್ನೇ ಹೆಟ್ಟಿದಳು.
"ನಿನ್ನೆ ರಾತ್ರಿಯದು, ಇನ್ನೂ ಗಟ್ಟಿಯಾಗಿದೆ."
ಜೊತೆಗೆ ಅವಳ ಅಕ್ಕನ ಮಗ ವ್ಯಾಟ್, ಒಂಬತ್ತು ವರ್ಷ,
ತಲೆಗಿಂತ ಟೋಪಿ ದೊಡ್ಡದು, ಎರಡಕ್ಕಿಂತ ಬಾಯಿ.

ಲಾರ್ನ್ ಎಲ್ಲರಿಗಿಂತ ಮೊದಲೇ ಬಂದಿದ್ದ,
ಶಾಲೆಯ ಬಸ್ಸು ಓಡಿಸಿದ ಮೂವತ್ತೊಂದು ವರ್ಷದ ರೂಢಿ.
ದಂಡೆಯ ಮೇಲಿದ್ದ ನಮ್ಮಲ್ಲಿ ಮೂವರನ್ನು
ಹಿಮ ಬೀಳುವಾಗಲೂ ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸಿದವನು.
ಬಸ್ಸಿನ ಮೆಟ್ಟಿಲ ಮೇಲೆ ಬಗ್ಗಿ
ನನ್ನ ಬೂಟಿನ ಲೇಸು ಎಷ್ಟು ಸಲ ಕಟ್ಟಿದ್ದನೋ.
ಈಗ ಅವನ ಎರಡೂ ಕೈ ಕೋಟಿನ ಜೇಬಿನಲ್ಲಿ.

ಕರಿನೊಣಗಳಿಗೆ ನಮ್ಮ ಕಿವಿಯ ಹಿಂದೆ ಹಬ್ಬದೂಟ.
ಮಂಜು ಇನ್ನೂ ನೀರಿಗೆ ಅಂಟಿಕೊಂಡಿತ್ತು,
ಎಬ್ಬಿಸಿದರೂ ಏಳದ ಮಗುವಿನ ಹಾಗೆ.
ಹುಟ್ಟು ಹಾಕಿದಷ್ಟೂ ದೂರ
ನಮ್ಮ ಹಿಂದೆ ಸುಳಿ ಬಿಚ್ಚಿ, ಮುಚ್ಚಿ, ಬಿಚ್ಚಿ.
ಎಲ್ಲೋ ಲೂನ್ ಹಕ್ಕಿ ಒಂದು ಸಲ ಕೂಗಿ
ಯಾರೂ ಓಗೊಡದ್ದಕ್ಕೆ ಮುಳುಗಿ ಹೋಯಿತು.

ಎರಡು ಬೇಸಿಗೆಯಿಂದ ನಡೆದುಬಂದದ್ದು ಹೀಗೆ:
ಲಾರ್ನನ ದಾರ ತುಂಡಾದರೆ
ಸಿರಿಲ್‌ಗೆ ತಟ್ಟನೆ ಅವನ ರೀಲಿನ ಮೇಲೆ ಪ್ರೀತಿ.
"ಎಂಥ ಹಗುರ ಮಾರಾಯ, ಕೊಡು ನೋಡೋಣ."
ನೋಡಿ ಹಿಂದೆ ಕೊಡುವಾಗ ತುದಿಯಲ್ಲಿ ಗಾಳ, ಗಟ್ಟಿ ಗಂಟು.
ಆರ್ಡಿತ್‌ಗೆ ಮೀನಿನ ಗೊಡವೆಯೇ ಇಲ್ಲ,
ಆದರೂ ಅವಳ ಡಬ್ಬಿಯಲ್ಲಿ ಸದಾ
"ಯಾಕೋ ಹೆಚ್ಚಿಗೆ ಒಂದು ಕಟ್ಟಿಬಿಟ್ಟೆ, ಹಾಳಾಗುತ್ತೆ, ತಗೋ."
ನಾನೂ ಕಟ್ಟಿದ್ದೇನೆ, ಸುಳ್ಳೇಕೆ,
ಟಿವಿ ಮುಂದೆ, ಕನ್ನಡಕ ಮೂಗಿನ ತುದಿಗಿಳಿಸಿ.
ಈ ಬಗ್ಗೆ ನಮ್ಮಲ್ಲಿ ಯಾರೂ ಯಾರೊಡನೆಯೂ ಮಾತಾಡಿಲ್ಲ.
ಅವನಿಗೆ ಕೈ ಕೊಟ್ಟದ್ದು ಅವನ ಕೈಯೇ,
ಅದನ್ನು ಹೇಳುವುದು ಹೇಗೆ.

ನೈದಿಲೆ ಎಲೆಗಳ ಹತ್ತಿರ ದೋಣಿಗಳು ಸೇರಿದಾಗ
ವ್ಯಾಟ್ ಕೇಳಿಯೇಬಿಟ್ಟ, ಕೆರೆಗೆಲ್ಲ ಕೇಳುವಂತೆ,
"ನಿಮ್ಮ ಕೈ ಯಾಕೆ ನಡುಗುತ್ತೆ?"

ಐದೂ ದೋಣಿಯವರು ಒಮ್ಮೆಲೆ
ನೀರಿನಲ್ಲಿ ಏನನ್ನೋ ಹುಡುಕತೊಡಗಿದೆವು.
ಇವೆಟ್ ಬೂಚನ್ನು ಮುಟ್ಟಿ ಮುಟ್ಟಿ ನೋಡಿದಳು.

ಲಾರ್ನ್ ತುಸು ಯೋಚಿಸಿದ,
ತಿರುವಿನಲ್ಲಿ ಗೇರು ಬದಲಿಸುವವನ ಹಾಗೆ.
"ರಬ್ಬರ್ ಹುಳ ನೋಡು, ಅದಕ್ಕೆ ಜೀವ ಇಲ್ಲ.
ನಾನು ನಡುಗಿಸದಿದ್ದರೆ ಮೀನು ನಂಬೋದು ಹೇಗೆ?"

ಹುಡುಗ ನಂಬಿದ. ಮೀನಿಗಿಂತ ಮೊದಲು ಅವನೇ ಕಚ್ಚಿದ.
ಮಧ್ಯಾಹ್ನದವರೆಗೂ ಗಾಳದ ಕೋಲು ಹಿಡಿದು
ಹಲ್ಲು ಕಚ್ಚಿ, ಮೊಣಕೈಯಿಂದ ನಡುಗಿಸಿದ್ದೇ ನಡುಗಿಸಿದ್ದು.
"ಅಷ್ಟಲ್ಲ, ಸಣ್ಣಗೆ," ಅಂತ ಲಾರ್ನ್
ಜೇಬಿನಿಂದ ಕೈ ತೆಗೆದು ತೋರಿಸಿಕೊಟ್ಟ,
ಎಲ್ಲರೆದುರಿಗೆ, ಬಿಸಿಲಿನಲ್ಲಿ.

ಹನ್ನೆರಡೂವರೆಗೆ ಹುಡುಗನ ಕೋಲು ಬಿಲ್ಲಾಯಿತು.
ಸ್ಮಾಲ್‌ಮೌತ್ ಬಾಸ್, ಕಂಚಿನ ಮೈ, ಕೆಂಪು ಕಣ್ಣಿನ ಸಿಟ್ಟು.
ಹುಟ್ಟಿನ ಪಕ್ಕ ಇಟ್ಟು ಅಳೆದಾಗ ಹದಿಮೂರು ಇಂಚು,
ದಂಡೆಗೆ ಬರುವಷ್ಟರಲ್ಲಿ ಹದಿನಾರಾಗಿತ್ತು.
ನೀರಿಗೆ ಬಿಟ್ಟಾಗ ಅದು ಒಂದು ಕ್ಷಣ ನಿಂತು,
ಯಾರನ್ನು ಬಯ್ಯಬೇಕೆಂದು ತೋಚದೆ, ಹೋಯಿತು.

ಉಳಿದವರಿಗೆ ಮೂರು ಪರ್ಚ್, ಒಂದು ಹಳೆಯ ಕೈಗವಸು.
ಲಾರ್ನನಿಗೆ ಏನೂ ಸಿಗಲಿಲ್ಲ,
"ಕಲಿಸುವವನಿಗೆ ಸಿಗಬಾರದು" ಅಂದ.

ಗಾಳಿ ಎದ್ದಾಗ ದೋಣಿಗೆ ದೋಣಿ ತಾಗಿಸಿ
ಒಬ್ಬರ ಹುಟ್ಟನ್ನು ಇನ್ನೊಬ್ಬರ ತೊಡೆಗಡ್ಡ ಇಟ್ಟು
ತೇಲುತ್ತ ಚಹಾ ಕುಡಿದೆವು.
ಆರ್ಡಿತ್ ಅವನ ಲೋಟಕ್ಕೆ ಯಾವತ್ತಿನಂತೆ ಅರ್ಧವೇ ಹುಯ್ದಳು.
"ಇಷ್ಟೇ ಏನು? ಪೂರ್ತಿ ಹುಯ್ಯಿ," ಅಂದ.
ಹುಯ್ದಳು.
ಒಂದಿಷ್ಟು ಕೆರೆಗೆ ಹೋಯಿತು, ಒಂದಿಷ್ಟು ಮೊಣಕಾಲಿಗೆ,
ಮಿಕ್ಕದ್ದು ಅವನಿಗೆ.

ಬೂಚು ಸಂಜೆವರೆಗೂ ತಡೆಯಿತು.